ಮೊಂಡುಮೂತಿಯ ಗುಂಡು

ಅಪ್ಪನ ಹೆಸರಿಗೆ ಬಂದಿದ್ದ ಪಾರ್ಸೆಲ್ಲನ್ನು ಕಾರ್ಲ್ ಸಾಲ್ಮಿ ಎರಡು ಸಲ ತಿರುಗಿಸಿ ನೋಡಿದ. ಒಳಗಿದ್ದದ್ದು ಕೋವಿಯ ಒಡಲು, ಉಳಿದ ಭಾಗಗಳೆಲ್ಲ ಬಂದು ಕೂರುವ ನಡುಭಾಗ. ಕಾನೂನಿನ ಕಣ್ಣಿಗೆ ಅದೇ ಕೋವಿ. ನಳಿಗೆ, ಹಿಡಿ, ಬೆರಳಲ್ಲಿ ಎಳೆಯುವ ಕುದುರೆ ಎಲ್ಲ ಬರೀ ಬಿಡಿ ಸಾಮಾನು, ಮನೆಬಾಗಿಲಿಗೇ ತರಿಸಬಹುದು. ಒಡಲು ಮಾತ್ರ ಲೈಸೆನ್ಸ್ ಇದ್ದ ಅಂಗಡಿಗೇ ಬರಬೇಕು. ಮಿಷಿಗನ್ನಿನ ಆ ಉತ್ತರದ ಮೂಲೆಯಲ್ಲಿ ಸುತ್ತ ನಲವತ್ತು ಮೈಲಿಗೆ ಲೈಸೆನ್ಸ್ ಇದ್ದದ್ದು ಕಾರ್ಲನ ಅಂಗಡಿಯೊಂದಕ್ಕೇ. ಹಾಗಾಗಿ ಅವನಿಗೆ ಗೊತ್ತಾಗಬಾರದೆಂದಿದ್ದ ಗುಟ್ಟು ಅವನ ಮೇಜಿನ ಮೇಲೇ ಬಂದು ಕೂತಿತ್ತು.

ಮಧ್ಯಾಹ್ನ ಅಪ್ಪ ಆರ್ವೊ ಬಂದ. ಎಂಬತ್ತೊಂದರ ಮುದುಕ. ಜೊತೆಯಲ್ಲಿ ಅಳಿಯ ಡಾರೆಲ್, ಕಾರ್ಲನ ತಂಗಿ ಐಲಾಳ ಗಂಡ. ಅಪ್ಪ ಮಗನ ಮುಖ ನೋಡದೆ ಫಾರಂ ತುಂಬಿದ. ಸಹಿ ಹಾಕುವಾಗ, ಹವಾಮಾನದ ವಿಷಯ ಹೇಳುವವನ ಹಾಗೆ, ಡಾರೆಲ್ ನನಗೊಂದು ಕೋವಿ ಕಟ್ಟಿಕೊಡುತ್ತಿದ್ದಾನೆ ಎಂದ. ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಸೆಮಿ-ಆಟೋಮ್ಯಾಟಿಕ್ ಅಂತೆ. ಅದೂ ನಮ್ಮ ಹಳೇ ಮೂವತ್ತೈದರ ತೋಟೆಗೇ ಅಂತೆ.

ಕಾರ್ಲನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗಲೇ.

ಬೀಳದೆ ಏನು ಮಾಡೀತು? ಕೋವಿ ಕಟ್ಟುವುದು ಅವನ ಮೂವತ್ತು ವರ್ಷದ ಕಸುಬು. ಎರಡು ರಾಜ್ಯ ದಾಟಿ ಜನ ಅವನ ಬಾಗಿಲಿಗೆ ಬರುತ್ತಾರೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಅವನು ಕಟ್ಟಿದ ಮೊದಲ ಕೋವಿಯೇ ಅಪ್ಪನದು. ವಾಲ್‌ನಟ್ ಮರದ ಹಿಡಿ, ಕೈಯಿಂದ ಎಳೆದು ತುಂಬುವ ಬೋಲ್ಟು. ಅಂದಿನಿಂದ ಅಪ್ಪ ಬೇರೆ ಕೋವಿ ಮುಟ್ಟಿದವನಲ್ಲ. ಡಾರೆಲ್ ಎಂದರೆ ಕಾಗದದ ಗಿರಣಿಯಲ್ಲಿ ಲೇತ್ ತಿರುಗಿಸುವವನು, ಶನಿವಾರ ಭಾನುವಾರದ ಕೋವಿ ಪಂಡಿತ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಕಾರ್ಲನಿಗೆಂದೇ ಹುಟ್ಟಿರಬೇಕು.

ಇನ್ನು ಆ ತೋಟೆಯ ವಿಷಯ. ಮೂವತ್ತೈದರ ಅಳತೆಯ ತೋಟೆ ಕಾರ್ಲನ ಅಜ್ಜನ ಕಾಲದ್ದು. ಈಗ ಅಂಗಡಿಗಳಲ್ಲಿ ಕೇಳಿದರೆ ಹುಡುಗರು ಹಾಗೆಂದರೇನು ಎನ್ನುತ್ತಾರೆ. ತಾನೇ ತುಂಬಿಕೊಳ್ಳುವ ಕೋವಿಯನ್ನು ಆ ಅಳತೆಗೆ ಯಾರೂ ಮಾಡಿ ಮಾರುವುದಿಲ್ಲ. ಅಂಥದು ಬೇಕೆಂದರೆ ಒಂದೊಂದು ಭಾಗವನ್ನೂ ತಿದ್ದಿ ತೀಡಿ ಹೊಂದಿಸಬೇಕು. ಇದು ಕೈಲಾಗದ ಕೆಲಸ, ಮುದುಕನ ಆಸೆಗೆ ಅಳಿಯ ತಾಳ ಹಾಕುತ್ತಿದ್ದಾನೆ ಎಂದು ಕಾರ್ಲ್ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಒಂದು ವಾರಕ್ಕೆ ಡಾರೆಲ್ ಅಂಗಡಿಗೆ ಬಂದು ಟೋಪಿ ತೆಗೆದು ನಿಂತ. ನಳಿಗೆಯೊಳಗೆ ತೋಟೆ ಕೂರುವ ಗೂಡು ಕೊರೆಯಲು ಆ ಅಳತೆಯ ಬೈರಿಗೆ ಬೇಕಿತ್ತು, ಅದು ಇದ್ದದ್ದು ಕಾರ್ಲನ ಹತ್ತಿರವೇ. ಕಾರ್ಲ್ ನಗುನಗುತ್ತಲೇ ಕೊಟ್ಟ. ಬಾಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ. ಒಂದು ಕೂದಲೆಳೆ ಹೆಚ್ಚು ಕೊರೆದರೂ ಸಾಕು ನಳಿಗೆ ಕಸಕ್ಕೆ, ಆಗ ಅಪ್ಪ ನನ್ನ ಹತ್ತಿರವೇ ಬರಬೇಕು ಎಂದು ದಿನ ಎಣಿಸಿದ.

ನಳಿಗೆ ಕೆಡಲಿಲ್ಲ. ಕಾರ್ಲ್ ಏನಾದರೊಂದು ನೆಪ ಮಾಡಿಕೊಂಡು ಡಾರೆಲ್‌ನ ಗ್ಯಾರೇಜಿಗೆ ಹೋಗುತ್ತಿದ್ದ, ತಪ್ಪು ಹುಡುಕುತ್ತಿದ್ದ. ಗೂಡು ಕನ್ನಡಿಯಷ್ಟು ನುಣುಪಾಗಿತ್ತು. ತೋಟೆಗಳು ಕೂರುವ ಮ್ಯಾಗಜೀನಿನ ಬಾಯಿಯ ತುಟಿಗಳನ್ನು ಡಾರೆಲ್ ಆ ದಪ್ಪ ತೋಟೆಗೆ ಸರಿಯಾಗಿ ಬಗ್ಗಿಸಿದ್ದ. ತಾನೇ ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ ಎಂಬುದು ಕಾರ್ಲನಿಗೆ ನೋಡಿದೊಡನೆ ತಿಳಿಯಿತು, ಉರಿದದ್ದು ಅದಕ್ಕೇ. ಅದಕ್ಕಿಂತ ಹೆಚ್ಚು ಉರಿದದ್ದು ಅಪ್ಪನನ್ನು ಕಂಡು. ಮಗನ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೆ ಗಡಿಯಾರ ನೋಡುವ ಅಪ್ಪ, ಅಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತು, ಐಲಾ ಮಾಡಿದ ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತ, ಅಳಿಯನ ಪೋಲಿ ಜೋಕಿಗೆ ಕೆಮ್ಮು ಬರುವಷ್ಟು ನಗುತ್ತಿದ್ದ. ಐವತ್ತೇಳರ ಕಾರ್ಲ್ ತಮ್ಮ ಹುಟ್ಟಿದ ಮಗುವಿನ ಹಾಗೆ ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತ.

ಅಕ್ಟೋಬರಿನ ಕೊನೆಯ ಭಾನುವಾರ ಅಪ್ಪ-ಮಗ ಕೂತು ಹಿತ್ತಾಳೆಯ ಚಿಪ್ಪಿಗೆ ಮದ್ದು ಹಾಕಿ ಗುಂಡು ಕೂರಿಸಿ ಆ ವರ್ಷದ ತೋಟೆ ತುಂಬುವುದು ಸಾಲ್ಮಿಗಳ ಪದ್ಧತಿ. ಇಪ್ಪತ್ತೇ ತೋಟೆ. ಸೀಸ ಕರಗಿಸಿ ಅಜ್ಜನ ಅಚ್ಚಿನಲ್ಲಿ ಎರೆದ ಗುಂಡು, ಅದರ ಮೂತಿ ತಟ್ಟೆಯಂತೆ ಚಪ್ಪಟೆ. ಅಜ್ಜನ ಕೋವಿಯಲ್ಲಿ ತೋಟೆಗಳು ಕೊಳವೆಯೊಳಗೆ ಒಂದರ ಹಿಂದೊಂದು ಸಾಲಾಗಿ ಕೂರುತ್ತಿದ್ದವು. ಮೂತಿ ಚೂಪಾಗಿದ್ದರೆ ಮುಂದಿನ ತೋಟೆಯ ಬುಡಕ್ಕೆ ಕುಟ್ಟಿ ಕೊಳವೆಯಲ್ಲೇ ಸಿಡಿಯುವ ಭಯ. ಅದಕ್ಕೇ ಮೊಂಡುಮೂತಿ. ಆ ಕೋವಿ ಹೋಗಿ ಎಷ್ಟೋ ಕಾಲವಾದರೂ ಅಚ್ಚು ಉಳಿದಿತ್ತು. ಕೈಯಿಂದ ತುಂಬುವ ಕೋವಿಗೆ ಅದರಿಂದ ತೊಂದರೆಯೂ ಇರಲಿಲ್ಲ.

ತಾನೇ ತುಂಬಿಕೊಳ್ಳುವ ಕೋವಿಗೆ ತೊಂದರೆಯಿತ್ತು. ಅದರೊಳಗೆ ತೋಟೆ ಇಳಿಜಾರು ಹತ್ತಿ ಜಾರಿ ಗೂಡು ಸೇರಬೇಕು. ದುಂಡುಮೂತಿಯಾದರೆ ಜಾರುತ್ತದೆ, ಮೊಂಡುಮೂತಿಯಾದರೆ ಅಂಚಿಗೆ ಒದ್ದು ನಿಲ್ಲುತ್ತದೆ. ಕಾರ್ಲನಿಗೆ ಇದು ಬೆರಳ ತುದಿಯಲ್ಲಿದ್ದ ವಿಷಯ. ದುಂಡುಮೂತಿಯ ಗುಂಡಿನ ಡಬ್ಬಿ ಅವನ ತಲೆಯ ಮೇಲಿನ ಹಲಗೆಯಲ್ಲೇ ಇತ್ತು. ಅವನು ಕೈ ಎತ್ತಲಿಲ್ಲ. ಅಪ್ಪ ಸೀಸದ ಗುಂಡುಗಳನ್ನು ಒಂದೊಂದಾಗಿ ಒರೆಸಿ ಕೊಟ್ಟ, ಇವನು ಒಂದೊಂದಾಗಿ ಒತ್ತಿ ಕೂರಿಸಿದ.

ಡಾರೆಲ್ ಎಲ್ಲಿಂದಲೋ ಎರಡು ಪೆಟ್ಟಿಗೆ ಅಂಗಡಿ ತೋಟೆ ಹುಡುಕಿ ತಂದಿದ್ದ. ದುಂಡುಮೂತಿಯವು. ಅವನ್ನೇ ಹಾರಿಸಿ ಪರೀಕ್ಷೆ ಮಾಡಿದ್ದ, ಕೋವಿ ಒಂದು ಸಲವೂ ಮುನಿಸಿಕೊಂಡಿರಲಿಲ್ಲ. ಆದರೂ ಮನಸ್ಸು ತಡೆಯದೆ ಕಾರ್ಲನ ಹತ್ತಿರ ಬಂದ.

"ಭಾವ, ನೀವು ತುಂಬಿದ್ದರಲ್ಲಿ ಒಂದೈದು ಕೊಡಿ. ಹಾಕಿ ನೋಡ್ಬಿಡ್ತೀನಿ. ಮಾವ ಅದನ್ನೇ ತಗೊಂಡು ಹೋಗೋದಲ್ವಾ."

"ನನ್ನ ತೋಟೆಗೆ ನಿನ್ನ ಪರೀಕ್ಷೆನಾ?" ಕಾರ್ಲ್ ನಕ್ಕ. "ಮೂವತ್ತು ವರ್ಷದಿಂದ ಮಾಡ್ತಾ ಇದೀನಪ್ಪ. ಇರೋದೇ ಇಪ್ಪತ್ತು, ಸುಮ್ನೆ ಹಾಳ್ಮಾಡ್ಬೇಡ."

ಡಾರೆಲ್ ಪೆಚ್ಚಾಗಿ, ಕ್ಷಮೆ ಕೇಳಿ ಹೋದ. ಆ ದಿನ ಕಾರ್ಲನಿಗೆ ಊಟ ರುಚಿಸಿತು.

ನವೆಂಬರ್ ಹದಿನೈದು, ಬೇಟೆಯ ಮೊದಲ ದಿನ. ಅಂದು ಆ ಕಡೆ ಶಾಲೆಗೂ ರಜೆ. ಮೊಣಕಾಲುದ್ದದ ಹಿಮದಲ್ಲಿ ಜೌಗಿನ ಅಂಚಿನ ಹಲಗೆಗೂಡಿನಲ್ಲಿ ಅಪ್ಪ-ಮಗ ಕೂತರು. ಡಾರೆಲ್ ಅರ್ಧ ಮೈಲಿ ಆಚೆ ಇನ್ನೊಂದು ಗೂಡಿನಲ್ಲಿದ್ದ. ಬೆಳಕು ಚೆನ್ನಾಗಿ ಹರಿದ ಮೇಲೆ ಸೀಡರ್ ಮರಗಳ ನಡುವಿನಿಂದ ಒಂದು ಗಂಡುಜಿಂಕೆ ಬಂತು. ಎಂಟು ಕವಲಿನ ಕೊಂಬು. ಮೊದಲ ತೋಟೆಯನ್ನು ಅಪ್ಪ ಕೈಯಿಂದಲೇ ಗೂಡಿಗೆ ಕೂರಿಸಿದ್ದ, ನಿಧಾನವಾಗಿ ಕೋವಿ ಎತ್ತಿ ಹೊಡೆದ. ವಯಸ್ಸಿನ ಕಣ್ಣು, ಗುಂಡು ಎದೆ ಬಿಟ್ಟು ಒಂದು ಗೇಣು ಹಿಂದಕ್ಕೆ ಬಿತ್ತು. ಜಿಂಕೆ ಬೆನ್ನು ಬಗ್ಗಿಸಿ ನಾಲ್ಕು ಹೆಜ್ಜೆ ನಡೆದು, ಮೂವತ್ತು ಮಾರು ದೂರದಲ್ಲಿ, ಅಡ್ಡಲಾಗಿ, ಏನಾಯಿತೆಂದು ತಿಳಿಯದೆ ನಿಂತುಬಿಟ್ಟಿತು.

ಎರಡನೆಯ ಗುಂಡಿಗೆ ಅದಕ್ಕಿಂತ ಒಳ್ಳೆ ಗಳಿಗೆ ಸಿಗುವುದಿಲ್ಲ. ಅಪ್ಪ ಕುದುರೆ ಎಳೆದ. ಏನೂ ಆಗಲಿಲ್ಲ. ತೋಟೆ ಅರ್ಧ ದಾರಿಯಲ್ಲಿ ಅಂಚಿಗೆ ಮೂತಿ ಕೊಟ್ಟು ಸಿಕ್ಕಿಬಿದ್ದಿತ್ತು. ಮುದುಕ ಹೆಪ್ಪುಗಟ್ಟಿದ ಬೆರಳಲ್ಲಿ ಜಗ್ಗಿದ, ಬಡಿದ. ಒಬ್ಬ ಹೊಡೆದ ಜಿಂಕೆಗೆ ಅವನು ಹೇಳದೆ ಇನ್ನೊಬ್ಬ ಹೊಡೆಯಬಾರದೆಂಬುದು ಅವರ ಕಟ್ಟಳೆ. ಕಾರ್ಲ್ ಆ ಕಟ್ಟಳೆಯ ಮರೆಯಲ್ಲಿ ತನ್ನ ಕೋವಿ ಮಡಿಲಲ್ಲಿಟ್ಟುಕೊಂಡು ಕೂತ. ಇಷ್ಟು ದಿನ ಕಾದದ್ದು ಈ ಒಂದು ಗಳಿಗೆಗೆ. ಸಂತೋಷ ಬರುತ್ತದೆ ಎಂದುಕೊಂಡಿದ್ದ. ಅಪ್ಪನ ಬೆರಳು ಕಂಡದ್ದೇ ಮುಖ ಆಚೆ ತಿರುಗಿಸಿದ. ಜಿಂಕೆ ಜೌಗಿಗೆ ಇಳಿದು ಮರೆಯಾಯಿತು.

ಗಾಯಗೊಂಡ ಜಿಂಕೆಯನ್ನು ಬಿಟ್ಟು ಬರುವುದುಂಟೆ? ಗುಂಡಿನ ಸದ್ದು ಕೇಳಿ ಓಡಿಬಂದ ಡಾರೆಲ್ ಸಿಕ್ಕಿಬಿದ್ದ ತೋಟೆಯನ್ನು ಬಿಡಿಸಿ ತೆಗೆದು ಮಾವನ ಕೈಗೆ ಕೊಟ್ಟ. ಅವನ ಮುಖ ಸುಣ್ಣದಂತಾಗಿತ್ತು. ನನ್ನದೇ ತಪ್ಪು ಮಾವ, ಇನ್ನು ಮೇಲೆ ಕೋವಿ ಕೆಲಸ ಮುಟ್ಟುವುದಿಲ್ಲ ಎಂದ. ಮೂವರೂ ಹಿಮದ ಮೇಲಿನ ರಕ್ತದ ಹನಿ ಹಿಡಿದು ಜೌಗಿಗೆ ಇಳಿದರು. ಹೆಜ್ಜೆಹೆಜ್ಜೆಗೂ ಕಾಲು ಹೂತುಹೋಗುವ ಜಾಗ. ಒಂದು ಗಂಟೆ ನಡೆದ ಮೇಲೆ ಅಪ್ಪ ಬಿದ್ದ ಮರದ ಮೇಲೆ ಕೂತುಬಿಟ್ಟ. ಸಿಕ್ಕಿದರೆ ನೀನೇ ಮುಗಿಸಿಬಿಡು, ನರಳಬಾರದು ಎಂದು ಡಾರೆಲ್‌ನನ್ನು ಮುಂದೆ ಕಳಿಸಿದ.

ಅಪ್ಪ ಆ ತೋಟೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತಿದ್ದ. "ಆ ಹುಡುಗನ ತಪ್ಪಲ್ಲ ಕಣೋ. ನಮ್ಮ ಗುಂಡಿಂದು. ಮೂತಿ ನೋಡು, ಹೆಂಗೆ ಜಜ್ಜಿದೆ."

ಕಾರ್ಲ್ ಬೂಟಿಗೆ ಅಂಟಿದ್ದ ಹಿಮ ಕೊಡವಿದ.

"ನಿನ್ನ ಕೋವಿ ಬಿಟ್ಟೆ ಅಂತ ನಿಂಗೆ ಬೇಜಾರು, ಗೊತ್ತು. ಮೂರು ವರ್ಷ ಆಯ್ತು ಕಾರ್ಲ್, ಅದು ಒದ್ರೆ ಭುಜ ವಾರಗಟ್ಲೆ ಕಪ್ಪಾಗಿರುತ್ತೆ. ಐಲಾಗೆ ಮಾತ್ರ ಗೊತ್ತು, ಅವಳೇ ಎಣ್ಣೆ ತಿಕ್ಕೋಳು. ಇದು ಮೆತ್ತಗೆ ಒದೆಯುತ್ತೆ ಅಂತ ಡಾರೆಲ್ ಹೇಳ್ದ. ನಿನ್ನ ಕೇಳಿದ್ರೆ ನೀನೂ ಮಾಡ್ಕೊಡ್ತಿದ್ದೆ. ಆದ್ರೆ ನೀನು ಮೊದಲು ಮಾಡಿದ ಕೋವಿ ನಂಗೆ ಭಾರ ಆಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಮೂರು ವರ್ಷ. ಪ್ರತಿ ವರ್ಷವೂ ಪಕ್ಕದಲ್ಲೇ ಕೂತಿದ್ದ ಕಾರ್ಲ್. ಅಪ್ಪನ ಮುಖ ಒಮ್ಮೆಯೂ ಕಿವುಚಿದ್ದು ಅವನಿಗೆ ನೆನಪಿಲ್ಲ.

ಅಪ್ಪ ಅವನ ಮೊಣಕಾಲು ತಟ್ಟಿದ. "ಹೋಗ್ಲಿ ಬಿಡು. ಈ ಥರದ ಕೋವಿ ನೀನು ಕಟ್ಟಿದವನಲ್ಲ, ನಿಂಗೆ ಹೆಂಗೆ ಗೊತ್ತಾಗ್ಬೇಕು."

ಅಲ್ಲಿಗೆ ಬಚಾವಾಗಿದ್ದ. ಸುಮ್ಮನೆ ತಲೆಯಾಡಿಸಿದ್ದರೆ ಮುಗಿದಿತ್ತು. ಆದರೆ ಡಾರೆಲ್‌ಗೆ ಗೊತ್ತಿರುವುದು ತನಗೆ ಗೊತ್ತಿಲ್ಲ ಎಂಬ ಮಾತು, ಅದೂ ಅಪ್ಪನ ಬಾಯಲ್ಲಿ! ಅವನ ಹೊಟ್ಟೆಕಿಚ್ಚು ಅವನಿಗಿಂತ ಮೊದಲು ಬಾಯಿ ತೆರೆಯಿತು.

"ನಂಗೆ ಗೊತ್ತಿತ್ತು."

"ಏನು?"

"ಸಿಕ್ಕಾಕ್ಕೊಳತ್ತೆ ಅಂತ. ತುಂಬೋವಾಗ್ಲೇ ಗೊತ್ತಿತ್ತಪ್ಪ."

ಅಪ್ಪ ತೋಟೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಬೈದಿದ್ದರೆ ಕಾರ್ಲ್ ಬದುಕಿಕೊಳ್ಳುತ್ತಿದ್ದ. ಮುದುಕ ಬೈಯಲಿಲ್ಲ. ಮುಂದೆ ಜೌಗಿನೊಳಗೆ ಒಂದೇ ಒಂದು ಗುಂಡಿನ ಸದ್ದಾಯಿತು. ಜಿಂಕೆ ಸಿಕ್ಕಿತು, ನರಳಾಟ ಮುಗಿಯಿತು.

ಡಾರೆಲ್ ಸೊಂಟದವರೆಗೆ ಒದ್ದೆಯಾಗಿ ವಾಪಸು ಬಂದ. ಇನ್ನೂ ತಲೆ ಎತ್ತಿರಲಿಲ್ಲ. ಅಪ್ಪ ಅವನನ್ನು ಹತ್ತಿರ ಕರೆದು ತೋಟೆಯನ್ನು ಅವನ ಕೈಗಿಟ್ಟ.

"ನಿನ್ನ ಕೋವಿದೇನೂ ತಪ್ಪಿಲ್ಲ. ಮೊಂಡುಮೂತಿ ಇದಕ್ಕಾಗಲ್ಲ ಅಂತ ನಮ್ಮ ಕಾರ್ಲ್‌ಗೆ ಗೊತ್ತಿರ್ಲಿಲ್ಲ, ಅಷ್ಟೆ. ಹಳೇ ಕಾಲದ ಕೆಲಸಗಾರ ಪಾಪ."

ಡಾರೆಲ್‌ನ ಮುಖ ಅರಳಿತು. ಅವನು ಬಂದು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಕಾರ್ಲನ ಹೆಗಲ ಮೇಲಿಟ್ಟ. ಅದರಲ್ಲಿ ಕುಹಕದ ಸುಳಿವೂ ಇರಲಿಲ್ಲ.

"ಅದಕ್ಯಾಕೆ ಬೇಜಾರು ಭಾವ. ಶನಿವಾರ ಗ್ಯಾರೇಜಿಗೆ ಬನ್ನಿ, ನಾನು ಹೇಳ್ಕೊಡ್ತೀನಿ."

ಅಪ್ಪ ಮರದಿಂದ ಎದ್ದು ನಿಂತು ಮಗನ ಉತ್ತರಕ್ಕೆ ಕಾದ.

"ಬರ್ತೀನಿ," ಎಂದ ಕಾರ್ಲ್.