ನಬಿಸಾಬನ ಕನ್ನಡ ನಮಾಜು

೧೯೮೬ರ ಚಳಿಗಾಲದಲ್ಲಿ ಅಂಕಲಿಯ ನಬಿಸಾಬ ನದಾಫನಿಗೆ ಲಕ್ವಾ ಹೊಡೆಯಿತು. ಆಗ ಅವನಿಗೆ ನಲವತ್ತೆರಡು. ಹತ್ತಿ ಹಿಂಜಿ ಗಾದಿ ಹೊಲಿಯುವುದು ಅವನ ಕಸುಬು. ಎರಡು ತಿಂಗಳಿಗೆ ಕೈ ಸುಧಾರಿಸಿತು, ಮಾತೂ ಬಂತು. ಆದರೆ ಸಣ್ಣವನಿದ್ದಾಗ ಬಾಯಿಪಾಠ ಮಾಡಿದ್ದ ನಮಾಜಿನ ಅರಬಿ ಒಂದಕ್ಷರವೂ ಉಳಿದಿರಲಿಲ್ಲ. ಹೆಂಡತಿ ಶಹಜಾದಬಿ ದಿನಾ ಎದುರು ಕೂತು ಒಂದೊಂದೇ ಶಬ್ದ ಹೇಳಿಕೊಟ್ಟಳು. ಎರಡನೆಯದು ಬರುವಷ್ಟರಲ್ಲಿ ಮೊದಲನೆಯದು ಹೋಗಿರುತ್ತಿತ್ತು.

ಮಸೀದಿಯ ಮುಲ್ಲಾ ಇಮಾಮಸಾಬರು ವಯಸ್ಸಾದವರು, ಕಿತಾಬು ಓದಿದವರು. ನಬಿಸಾಬ ಅವರ ಮುಂದೆ ಕೂತು ಅತ್ತ.

"ನಮ್ಮ ಮಜಹಬಿನ, ಅಂದ್ರ ನಮ್ಮ ಪಂಥದ, ದೊಡ್ಡ ಇಮಾಮರು ಹಿಂದಕ ಒಮ್ಮೆ ಒಂದ ಮಾತ ಹೇಳಿದ್ರಪಾ," ಎಂದರು ಮುಲ್ಲಾ. "ಅರಬಿ ಬಿಟ್ಟು ಫಾರಸಿಯೊಳಗ ಓದಿದ್ರೂ ನಮಾಜ ಆಗತೈತಿ ಅಂತ. ಮುಂದ ಅದನ್ನ ಹಿಂದಕ್ಕ ತಗೊಂಡ್ರು ಅಂತಾರ. ಅರಬಿ ಬರದವ್ರಿಗಷ್ಟ ನಡೀತೈತಿ ಅಂದ್ರು ಅವರ ಶಿಷ್ಯರು. ಈಗ ಯಾರೂ ಆ ಮಾತಿನ ಮ್ಯಾಲ ನಡ್ಯೂದಿಲ್ಲ. ಖರೆ ನಿನಗ ಬ್ಯಾರೆ ಏನೈತಿ?"

"ಫಾರಸಿ ನನಗೆಲ್ಲೀದ್ರಿ?"

"ಕನ್ನಡ ಐತಲ್ಲ."

ಪ್ರತಿ ನಮಾಜಿನಲ್ಲೂ ಓದುವ, 'ನಮಗ ನೆಟ್ಟನ ಹಾದಿ ತೋರಸು' ಅಂತ ಬೇಡುವ ಕುರಾನಿನ ಮೊದಲ ಸೂರಾದ ಅರ್ಥವನ್ನು ಅವರೇ ಕನ್ನಡದಲ್ಲಿ ಹೇಳಿಕೊಟ್ಟರು. ಅದು ಅವನ ಬಾಯಲ್ಲಿ ನಿಂತಿತು. "ಯಾರಿಗೂ ಹೇಳಬ್ಯಾಡ," ಎಂದೂ ಎಚ್ಚರಿಸಿದರು.

ಐದು ವರ್ಷ ಹಾಗೆಯೇ ನಡೆಯಿತು. ಮುಲ್ಲಾ ತೀರಿಕೊಂಡರು. ರಾಯಬಾಗದ ಕಡೆಯಿಂದ ಹರೆಯದ ಮೌಲ್ವಿಯೊಬ್ಬ ಬಂದ. ಎಲ್ಲರೂ ಸಾಲಾಗಿ ನಿಂತು ಮಾಡುವ ಜಮಾತಿನ ನಮಾಜಿನಲ್ಲಿ ಮೌಲ್ವಿಯೇ ಓದುತ್ತಿದ್ದರಿಂದ ತೊಂದರೆ ಇರಲಿಲ್ಲ. ಆಮೇಲೆ ಒಬ್ಬೊಬ್ಬರೇ ನಿಂತು ಮಾಡುವ ಸುನ್ನತ್ ನಮಾಜಿನಲ್ಲಿ ನಬಿಸಾಬ ತುಟಿಯೊಳಗೆ ಕನ್ನಡ ಓದುತ್ತಿದ್ದ. ಒಂದು ದಿನ ಅದು ಪಕ್ಕದಲ್ಲಿದ್ದ ದಸ್ತಗೀರನ ಕಿವಿಗೆ ಬಿತ್ತು. ಅವನು ಹೋಗಿ ಮೌಲ್ವಿಗೆ ಹೇಳಿದ.

ಮೌಲ್ವಿ ಬೈಯಲಿಲ್ಲ. ನಬಿಸಾಬನನ್ನು ಕರೆದು ಚಹಾ ಕುಡಿಸಿ, ಮುಲ್ಲಾ ಹೇಳಿದ್ದನ್ನೆಲ್ಲ ಕೇಳಿಕೊಂಡ.

"ಕಾಕಾ, ಅದು ಕೈಬಿಟ್ಟ ಮಾತು. ಕಿತಾಬಿನಾಗ ಐತಿ, ಖರೆ ಫತ್ವಾ ಅದರ ಮ್ಯಾಲಿಲ್ಲ. ಒಬ್ಬೊಬ್ಬರು ತಮಗ ಬೇಕಾದ ಮಾತ ಆರಿಸ್ಕೋತ ಹೋದ್ರ ದೀನ-ಧರ್ಮ ಎಲ್ಲಿ ಉಳೀತೈತಿ? ನಿಮಗ ಬರೂದಿಲ್ಲಂದ್ರ ಸುಮ್ನ ನಿಲ್ರಿ. ಸುಮ್ನ ನಿಂತ್ರೂ ಆಗತೈತಿ."

"ಹಂಗಾದ್ರ ಈ ಐದ ವರ್ಷದ್ದು?"

ಮೌಲ್ವಿ ತಲೆ ತಗ್ಗಿಸಿದ. "ಅದು ಅಲ್ಲಾಹನಿಗೆ ಗೊತ್ತು."

ನಬಿಸಾಬ ಒಂದು ತಿಂಗಳು ಸುಮ್ಮನೆ ನಿಂತು ನೋಡಿದ. ಆ ಮೌನದೊಳಗೆ ಯಾರದೋ ಗಾದಿಯ ಅಳತೆ, ಕಬ್ಬಿನ ಟ್ರ್ಯಾಕ್ಟರಿನ ಸದ್ದು, ಸತ್ತ ಅಣ್ಣನ ಮುಖ ಬಂದು ನಿಲ್ಲುತ್ತಿದ್ದವು. ದೇವರು ಮಾತ್ರ ಬರುತ್ತಿರಲಿಲ್ಲ. ಸಾಲಿನಲ್ಲಿ ಅವನ ಭುಜಕ್ಕೆ ಭುಜ ಹಚ್ಚಿ ನಿಲ್ಲಲು ಯಾರೂ ಮುಂದಾಗುತ್ತಿರಲಿಲ್ಲ. ಮೌಲ್ವಿ ತಿರುಗಿ ನೋಡಿ "ಹತ್ತಿರ ಬರ್ರಿ" ಅಂದಾಗ ದಸ್ತಗೀರ ಅರ್ಧ ಹೆಜ್ಜೆ ಸರಿಯುತ್ತಿದ್ದ, ಅಷ್ಟೇ.

ನಬಿಸಾಬ ಶುಕ್ರವಾರಕ್ಕೆ ಮಾತ್ರ ಮಸೀದಿಗೆ ಹೋಗತೊಡಗಿದ. ಉಳಿದ ದಿನ ಮನೆಯಲ್ಲಿ ಒಬ್ಬನೇ, ಕನ್ನಡದಲ್ಲಿ. ಅಜಾನ್ ಕೇಳಿದಾಗ ಓಣಿಯವರೆಲ್ಲ ಮಸೀದಿಯತ್ತ ನಡೆಯುತ್ತಿದ್ದರು. ಅವನು ಬಾಗಿಲು ಮುಂದೆ ಮಾಡಿ ಚಾಪೆ ಹಾಸುತ್ತಿದ್ದ. ಆ ಹೊತ್ತಿಗೆ ಶಹಜಾದಬಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಒಂದು ಮುಸ್ಸಂಜೆ ಮಾತ್ರ ಅವಳು ಹೋಗಲಿಲ್ಲ. ಅವನು ಸಲಾಮು ಹೇಳಿ ಮುಗಿಸುವವರೆಗೂ ಕಂಬಕ್ಕೆ ಒರಗಿ ನಿಂತಿದ್ದಳು.

"ನೆಟ್ಟನ ಹಾದಿ ಅಂತೇನೋ ಅಂದ್ರಲ್ಲ, ಅದು ಅರಬಿ ಸೂರಾದಾಗೂ ಐತೇನ್ರಿ?"

"ಐತಿ."

"ಇಷ್ಟ ವರ್ಷ ನಾನೂ ಅದನ್ನ ಬೇಡಾಕತ್ತಿದ್ನ್ಯಾ?"

ಅವನು ಹೌದೆಂದು ತಲೆಯಾಡಿಸಿದ. ಇನ್ನೂ ಕೇಳುತ್ತಾಳೆ, ಎಲ್ಲವನ್ನೂ ಹೇಳಬೇಕು ಅಂದುಕೊಂಡ. ಅವಳು ಓಣಿಯ ಕಡೆ ನೋಡಿ ಕಿಟಕಿ ಹಾಕಿದಳು.

"ಮೆಲ್ಲಕ ಓದ್ರಿ. ಹೊರಗ ಕೇಳತೈತಿ."

ಒಳಕೋಣೆಗೆ ಹೋಗಿ ಸೆರಗು ತಲೆಗೆ ಹೊದ್ದು ಅವಳು ತನ್ನ ನಮಾಜಿಗೆ ನಿಂತಳು. ಅವಳ ಮೆಲುದನಿಯ ಅರಬಿ ಗೋಡೆಯಾಚೆಯಿಂದ ತಪ್ಪಿಲ್ಲದೆ, ತಡೆಯಿಲ್ಲದೆ ಕೇಳಿಬಂತು. ನಬಿಸಾಬ ಅದು ಮುಗಿಯುವವರೆಗೂ ಕೇಳುತ್ತ ಕೂತಿದ್ದು, ಆಮೇಲೆ ಎದ್ದು ಉಳಿದಿದ್ದ ಸುನ್ನತ್ತಿನ ಎರಡು ರಕಾತು ನಮಾಜನ್ನು ಮೆಲ್ಲಗೆ, ಕನ್ನಡದಲ್ಲೇ ಶುರುಮಾಡಿದ.