ಯಜಮಾನರ ಬೋರ್ಡು

2024ರ ಫೆಬ್ರವರಿ 11, ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯ ಪೆಟ್ರೋಲ್ ಬಂಕಿನಲ್ಲಿ ಕೊಟ್ಟೂರೇಶ ಎರಡನೇ ಯಂತ್ರದ ಪಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಅವನ ಕಣ್ಣು ಡೀಸೆಲ್ ಟ್ಯಾಂಕಿನ ಬಾಯಿಯ ಮೇಲಿತ್ತು. ಪೈಪು ಹಿಡಿದಿದ್ದ ಬಂಕಿನ ಸುನೀತಾಳಿಗೆ, "ಟಕ್ ಅಂದ ಕೂಡ್ಲೆ ನಿಲ್ಲಿಸ್ಬೇಕು. ಆಮೇಲೆ ಒಂದು ಹನಿ ಹಾಕಿದ್ರೂ ನಾನು ಒಪ್ಪಲ್ಲ," ಎಂದ. ಪೈಪು ಟಕ್ಕೆಂದು ತಾನೇ ನಿಂತಿತು. ಸುನೀತಾ ಮುಚ್ಚಳ ಹಾಕಿದಳು. ಕೊಟ್ಟೂರೇಶ ಅದನ್ನು ಇನ್ನೊಂದು ಸಲ ತಿರುವಿ ನೋಡಿದ.

ಡ್ರೈವರ್ ನಯೀಮ್ ಮಾತ್ರ ಗಾಡಿಯ ನೆತ್ತಿ ನೋಡುತ್ತಿದ್ದ. ಮೂರು ತಿಂಗಳಿಂದ ಅಲ್ಲಿದ್ದ ಕ್ಯಾರಿಯರ್ ಇರಲಿಲ್ಲ. ಕ್ಯಾರಿಯರಿನ ಮುಂಭಾಗಕ್ಕೆ ಬಿಗಿದಿದ್ದ ಬೋರ್ಡೂ ಇರಲಿಲ್ಲ.

"ಸಾವ್ಕಾರ್ರೆ, ಬೋರ್ಡ್ ಎಲ್ಲಿ?"

"ಬಿಚ್ಚಿಸಿ ದೇವರ ಮನ್ಯಾಗ ಇಟ್ಟೀನಿ. ನಿನ್ನ ಕಳ್ಳತನ ಅಳೆಯೋಕೆ ನಮ್ಮಪ್ಪನ್ನ ಕರ್ಕಂಡ್ ಬರ್ಲಾ?"

ಹನ್ನೊಂದು ವರ್ಷ ಅವನು ನಯೀಮನನ್ನು ನಯೀಮಣ್ಣ ಎಂದೇ ಕರೆದಿದ್ದ. ಡೀಸೆಲ್ ಕದಿಯುತ್ತಿದ್ದಾನೆಂಬ ಗುಮಾನಿ ಹುಟ್ಟಿದ ಮೇಲೆ, ಕಳೆದ ಎರಡು ವಾರದಿಂದ, ಹೆಸರು ಹಿಡಿದೇ ಕರೆದಿರಲಿಲ್ಲ.

ಆ ಬೋರ್ಡು ಏರಿದ್ದು ನವೆಂಬರಿನಲ್ಲಿ, ಯಜಮಾನರು ತೀರಿಕೊಂಡು ವರ್ಷ ತುಂಬಿದ ದಿನ. ನಾಲ್ಕಡಿ ಅಗಲ, ಎರಡಡಿ ಎತ್ತರದ ತಗಡು. ಅದರ ಮೇಲೆ ರುಮಾಲು ಸುತ್ತಿದ ಕೆಂಚವೀರಪ್ಪನವರ ಮುಖ, ಪಕ್ಕದಲ್ಲಿ ಅವರು ಕಟ್ಟಿದ ಬೀಜ-ಗೊಬ್ಬರದ ಅಂಗಡಿಯ ಹೆಸರು. ಕೊಕ್ಕನೂರು, ಆನಗೋಡು ಕಡೆಯ ರೈತರು ದೂರದಿಂದಲೇ ಗುರುತು ಹಿಡಿಯಲೆಂದು ಕೊಟ್ಟೂರೇಶ ಅದನ್ನು ಒಂದಿಷ್ಟೂ ಒರಗಿಸದೆ ನೆಟ್ಟಗೆ ನಿಲ್ಲಿಸಿದ್ದ. ಅಂದಿನಿಂದ ಊರೊಳಗೆ ಗಾಡಿ ಮೊದಲಿನಂತೆಯೇ ಓಡಿತು. ಹೆದ್ದಾರಿಯಲ್ಲಿ ಎಪ್ಪತ್ತು ದಾಟಿದೊಡನೆ ನೆತ್ತಿಯ ಮೇಲೆ ಭೋರೆಂದು ಸದ್ದು, ಕಾಲ ಕೆಳಗೆ ಎಷ್ಟು ಒತ್ತಿದರೂ ಸಾಲದ ಭಾವ. ನಯೀಮನಿಗೆ ಮೊದಲ ವಾರವೇ ತಿಳಿದಿತ್ತು. ಆದರೆ ತೀರಿಹೋದ ಯಜಮಾನರ ಮುಖವನ್ನು ಇಳಿಸಿ ಎಂದು ಮಗನಿಗೆ ಹೇಗೆ ಹೇಳುವುದು? ಅವನು ಬಾಯಿ ಮುಚ್ಚಿಕೊಂಡು ಮೂರು ತಿಂಗಳು ಓಡಿಸಿದ. ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತಿದ್ದ ಗಾಡಿ ಹನ್ನೆರಡನ್ನೂ ಮುಟ್ಟಲಿಲ್ಲ.

ಅಂದು ನಯೀಮನೇ ಓಡಿಸಿದ. ಕೊಟ್ಟೂರೇಶ ಪಕ್ಕದಲ್ಲಿ ಕುಳಿತ. ಹಿಂದೆ ಐವತ್ತು ಕಿಲೋದ ಒಂದು ಗೊಬ್ಬರದ ಚೀಲ. ಬಂಕಿನಿಂದ ಹರಿಹರದ ಹೊಳೆ ಸೇತುವೆಯ ತನಕ ಹೋಗಿ ಬಂದರೆ ಇಪ್ಪತ್ತೆಂಟು ಕಿಲೋಮೀಟರ್. ಹಾಗೆ ಮೂರು ಸುತ್ತು, ವೇಗದ ಮುಳ್ಳು ಎಂಬತ್ತರಲ್ಲಿ. ಮುಗಿಸಿ ಬಂದು ಅದೇ ಯಂತ್ರದ ಮುಂದೆ, ಅದೇ ಸಿಮೆಂಟು ಹಾಸಿನ ಮೇಲೆ ಗಾಡಿ ನಿಲ್ಲಿಸಿದರು. ಟ್ಯಾಂಕು ಮತ್ತೆ ತುಂಬಲು ಹಿಡಿದದ್ದು 5.45 ಲೀಟರ್. ಕೊಟ್ಟೂರೇಶ ಮೊಬೈಲಿನಲ್ಲಿ ಭಾಗಿಸಿದ. ಹದಿನೈದು ಪಾಯಿಂಟ್ ನಾಲ್ಕು.

ಅವನು ಮೊಬೈಲನ್ನು ನಯೀಮನ ಮೂಗಿನ ಹತ್ತಿರ ಹಿಡಿದ. "ನೋಡ್ಕ. ನಾನು ಪಕ್ಕದಾಗ ಕೂತ್ರೆ ಹದಿನೈದು. ನೀನೊಬ್ನೇ ಹೋದ್ರೆ ಹನ್ನೊಂದು. ಗಾಡಿಗೆ ನನ್ನ ಕಂಡ್ರೆ ಅಷ್ಟು ಪ್ರೀತಿನಾ?"

ಲಾರಿಗೆ ಡೀಸೆಲ್ ಹಾಕಿಸುತ್ತಿದ್ದ ಇಬ್ಬರು ನಕ್ಕರು.

"ಬೋರ್ಡ್ ಹಾಕಿ ಇನ್ನೊಂದ್ ಸಲ ಅಳೀರಿ ಸಾವ್ಕಾರ್ರೆ. ಅದು ಗಾಳಿ ಹಿಡಿತೈತಿ."

ಕೊಟ್ಟೂರೇಶನ ಮುಖ ಬಿಗಿಯಿತು. "ಅಂದ್ರೆ? ಡೀಸೆಲ್ಲು ನಮ್ಮಪ್ಪ ಕುಡೀತಾನಾ?"

"ಹಂಗಲ್ರಿ—"

"ಕೀ ಕೊಡು."

ನಯೀಮ್ ಕೀಲಿಯನ್ನು ಬಾನೆಟ್ ಮೇಲಿಟ್ಟು ರಸ್ತೆಗೆ ನಡೆದ.

ಸಂಜೆಯ ಹೊತ್ತಿಗೆ ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ ಅವನಿಗೆ ಹೊಸ ಹೆಸರು ಬಿದ್ದಿತ್ತು: ಡೀಸೆಲ್ ನಯೀಮ. ಸೋಮವಾರ ಹರಿಹರದ ಖಾಸಗಿ ಶಾಲೆಯೊಂದಕ್ಕೆ ಬಸ್ಸು ಓಡಿಸುವ ಕೆಲಸ ಕೇಳಲು ಹೋದ. ಅಲ್ಲಿನ ಗುಮಾಸ್ತ ಲೈಸೆನ್ಸ್ ನೋಡಿದ, ಕಣ್ಣಿನ ಪರೀಕ್ಷೆಯ ಚೀಟಿ ನೋಡಿದ, ಆಮೇಲೆ ಕೊಟ್ಟೂರೇಶನ ನಂಬರು ಕೇಳಿ ಎದುರಿಗೇ ಫೋನು ಮಾಡಿದ. ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. "ಅವರ ಕಡೆಯಿಂದ ಒಂದು ಸಾಲು ಬರಸ್ಕಂಡ್ ಬರ್ರಿ. ಇಲ್ಲಾಂದ್ರೆ ಆಗಲ್ಲ," ಎಂದು ಲೈಸೆನ್ಸನ್ನು ಮೇಜಿನ ಮೇಲೆ ಜಾರಿಸಿದ. ಇಪ್ಪತ್ತಾರು ವರ್ಷದಿಂದ ಸ್ಟೇರಿಂಗ್ ಹಿಡಿದ ಕೈ ನಯೀಮನದು. ಬೇರೆ ಕೆಲಸ ಅವನಿಗೆ ಬಾರದು. ಡೀಸೆಲ್ ಕದ್ದವನೆಂಬ ಹೆಸರು ಹೊತ್ತವನಿಗೆ ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಯಾರೂ ಕೀಲಿ ಕೊಡುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಮೇಲೆ ಇಂಥ ಹೆಸರು ಬಿದ್ದಾಗ ಅವನೂ ಹೌದೆಂದು ತಲೆಯಾಡಿಸಿದ್ದ.

ಬುಧವಾರ ಮಗಳು ಮುಬಶ್ಶಿರಾಳನ್ನು ಸ್ಕೂಟರಿನಲ್ಲಿ ಕಾಲೇಜಿಗೆ ಬಿಡಲು ಹೊರಟ. ಬಿ.ಎಸ್ಸಿ. ಕೊನೆಯ ವರ್ಷ, ಕೈಯಲ್ಲಿ ಹಾಳೆ ಸಿಕ್ಕಿಸಿ ಬರೆಯುವ ಪರೀಕ್ಷೆಯ ರಟ್ಟು. ರಿಂಗ್ ರೋಡಿನಲ್ಲಿ ಅವಳು ರಟ್ಟನ್ನು ಪಕ್ಕಕ್ಕೆ ಚಾಚಿ ಗಾಳಿಗೆ ಅಡ್ಡ ಹಿಡಿದಳು. ಸ್ಕೂಟರಿನ ಹ್ಯಾಂಡಲ್ ಸರಕ್ಕನೆ ಆ ಕಡೆ ಎಳೆಯಿತು.

"ಏನ್ ಮಾಡ್ತಿದಿ, ಬೀಳ್ತೀವಿ," ಎಂದು ಅವನು ಉರ್ದುವಿನಲ್ಲಿ ಗದರಿದ.

"ಈಗ ನೋಡಿ ಅಬ್ಬಾ," ಎಂದು ಅವಳು ರಟ್ಟನ್ನು ಮಲಗಿಸಿ ಹಿಡಿದಳು. ಹ್ಯಾಂಡಲ್ ನೆಟ್ಟಗಾಯಿತು. "ಇಷ್ಟಗಲದ ರಟ್ಟು, ನಲವತ್ತರ ವೇಗ. ಎಂಬತ್ತಕ್ಕೆ ಹೋದ್ರೆ ಈ ಎಳೆತ ಎರಡರಷ್ಟಲ್ಲ, ನಾಲ್ಕರಷ್ಟು. ನಿಮ್ಮ ಸಾವ್ಕಾರ್ರ ಬೋರ್ಡು ಇಂಥ ರಟ್ಟು ಎಷ್ಟಾಗುತ್ತೆ, ನೀವೇ ಲೆಕ್ಕ ಹಾಕಿ."

ಅವಳನ್ನು ಇಳಿಸಿದವನು ಮನೆಗೆ ಹೋಗಲಿಲ್ಲ. ನೇರ ಶಾಮನೂರಿನ ಯಜಮಾನರ ಮನೆಗೆ ಸ್ಕೂಟರು ತಿರುಗಿಸಿದ. ಇಳಿಯುವಾಗ ಅವಳು ಸ್ಕೂಟರಿನ ಮುಂದಿನ ಚೀಲಕ್ಕೆ ಹಾಕಿದ ರಟ್ಟು ಅಲ್ಲೇ ಉಳಿದಿತ್ತು.

ಯಜಮಾನರ ಹೆಂಡತಿ ಉಮಾಮಹೇಶ್ವರಿ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಅವರೆಕಾಳು ಹಸನು ಮಾಡುತ್ತಿದ್ದರು. ಬಾ ಅನ್ನಲಿಲ್ಲ, ಕೂಡು ಅನ್ನಲಿಲ್ಲ. ಒಳಗಿನಿಂದ ಕೊಟ್ಟೂರೇಶ ಬಂದು ಬಾಗಿಲಿಗೆ ಅಡ್ಡ ನಿಂತ.

"ಹನ್ನೊಂದು ವರ್ಷ ಈ ಮನಿ ಅನ್ನ ಉಂಡಿ," ಎಂದರು ಉಮಾಮಹೇಶ್ವರಿ, ಕಾಳಿನಿಂದ ಕಣ್ಣೆತ್ತದೆ. "ಬೇಕಂತ ಕೇಳಿದ್ರೆ ಒಂದು ಕ್ಯಾನ್ ಅವರೇ ಕೊಡ್ತಿದ್ರು. ಕದೀಬೇಕಿತ್ತಾ?"

"ಕದ್ದಿಲ್ಲ ಅಮ್ಮಾರೆ. ನನಗೆ ಕೆಲಸ ವಾಪಸ್ ಬ್ಯಾಡ. ಬೋರ್ಡ್ ಹಾಕಿ ಇನ್ನೊಂದ್ ಸಲ ಅಳೀರಿ, ಅಷ್ಟೇ. ನಾನು ಸ್ಟೇರಿಂಗ್ ಮುಟ್ಟಲ್ಲ. ಸಾವ್ಕಾರ್ರೇ ಓಡಿಸ್ಲಿ."

"ಮತ್ತೆ ನಮ್ಮಪ್ಪನ ಸುದ್ದಿಗೆ ಬಂದ ನೋಡವ್ವ," ಎಂದು ಕೊಟ್ಟೂರೇಶ ಮೆಟ್ಟಿಲಿಳಿದ.

ನಯೀಮ್ ಹಿಂದೆ ಸರಿಯಲಿಲ್ಲ. "ಅದೇ ಯಂತ್ರದಾಗ ತುಂಬಿಸ್ಬೇಕು, ಟಕ್ ಅಂದ್ರೆ ನಿಲ್ಲಿಸ್ಬೇಕು, ಅದೇ ಜಾಗಕ್ಕೆ ಬಂದು ಅಳೀಬೇಕು. ಇದನ್ನ ನನಗೆ ಕಲಿಸಿದೋರು ಯಾರು? ಯಜಮಾನ್ರು. ಅವರು ಹೇಳಿಕೊಟ್ಟಂಗೆ ಅವರನ್ನ ಮೇಲೆ ಕೂರ್ಸಿ ಅಳೀರಿ ಅಂತ ಕೇಳ್ತಿದೀನಿ. ಅದ್ರಾಗ ಅವಮಾನ ಏನೈತಿ?"

ಉಮಾಮಹೇಶ್ವರಿ ಹುಳುಕು ಕಾಳೊಂದನ್ನು ಆರಿಸಿ ಅಂಗಳಕ್ಕೆ ಎಸೆದರು.

"ಭಾನುವಾರ ಹಾಕಿಸು ಕೊಟ್ರ. ನಾನೂ ಬರ್ತೀನಿ." ಆಮೇಲೆ ಮೊದಲ ಸಲ ನಯೀಮನ ಮುಖ ನೋಡಿದರು. "ಹದಿನೈದು ಬಂತು ಅಂದ್ರೆ, ಸ್ಟ್ಯಾಂಡಿನ ತಂಕ ನಾನೇ ನಡ್ಕಂಡ್ ಹೋಗಿ ನೀನು ಕಳ್ಳ ಅಂತ ಹೇಳ್ತೀನಿ."

"ಹೇಳ್ರಿ."

18ನೇ ತಾರೀಖು, ಅದೇ ಆರು ಹತ್ತಕ್ಕೆ ಗಾಡಿ ಎರಡನೇ ಯಂತ್ರದ ಮುಂದೆ ನಿಂತಿತ್ತು. ಕ್ಯಾರಿಯರ್ ಮತ್ತೆ ಏರಿತ್ತು. ಕೆಂಚವೀರಪ್ಪನವರು ಹರಿಹರದ ದಿಕ್ಕಿಗೆ ಮುಖಮಾಡಿದ್ದರು. ಕೊರಳಲ್ಲಿ ಚೆಂಡುಹೂವಿನ ಹೊಸ ಹಾರ. ನಯೀಮ್ ಅದನ್ನು ನೋಡಿ, "ಹಾರ ತೆಗೀರಿ. ಆಮೇಲೆ ಅದ್ರಿಂದ ಹಿಂಗಾತು ಅಂತೀರಿ," ಎಂದ. ಕೊಟ್ಟೂರೇಶ ಹಲ್ಲು ಕಚ್ಚಿಕೊಂಡು ಹತ್ತಿ ತೆಗೆದ. ಟಕ್ಕೆನ್ನುವ ತನಕ ಟ್ಯಾಂಕು ತುಂಬಿಸಿ, ನಾಲ್ಕೂ ಗಾಲಿಯ ಗಾಳಿ ನೋಡಿದ್ದಾಯಿತು. ಗೊಬ್ಬರದ ಚೀಲವನ್ನು ನಯೀಮನೇ ಬೆನ್ನ ಮೇಲೆ ಹೊತ್ತು ಬಂಕಿನ ಗೋಡೆಗೆ ಒರಗಿಸಿದ.

"ಅದನ್ಯಾಕ ಇಳಿಸ್ತಿದಿ?" ಎಂದರು ಉಮಾಮಹೇಶ್ವರಿ.

"ಹೋದ ವಾರ ನಾವಿಬ್ರು, ಒಂದು ಚೀಲ. ಇವತ್ತು ನಾವಿಬ್ರು, ನೀವು. ತೂಕ ಸಮ ಇರ್ಬೇಕು ಅಮ್ಮಾರೆ."

"ಗೊಬ್ಬರದ ಚೀಲಕ್ಕೆ ನನ್ನ ಸಮ ಮಾಡಿದಿ," ಎಂದು ಅವರು ಸೆರಗು ಸರಿಮಾಡಿಕೊಂಡು ಹಿಂದೆ ಹತ್ತಿದರು. ನಗಲಿಲ್ಲ.

ಮೊದಲ ಸುತ್ತು ಎಂಬತ್ತರಲ್ಲೇ ಹೋಯಿತು. ನೆತ್ತಿಯ ಮೇಲಿನ ಸದ್ದು ಎಷ್ಟಿತ್ತೆಂದರೆ ಉಮಾಮಹೇಶ್ವರಿ ಎರಡು ಸಲ ಮೇಲೆ ನೋಡಿದರು. ಕೊಟ್ಟೂರೇಶ ಈ ಬೋರ್ಡು ಹಾಕಿದ ಮೇಲೆ ಹೆದ್ದಾರಿಯಲ್ಲಿ ತಾನೇ ಓಡಿಸಿದ್ದು ಅದೇ ಮೊದಲು. ಕಾಲನ್ನು ಎಷ್ಟು ಒತ್ತಬೇಕಾಗಿದೆ ಎಂಬುದು ಅವನ ಮೊಣಕಾಲಿನಲ್ಲೇ ಕಾಣುತ್ತಿತ್ತು. ಎರಡನೇ ಸುತ್ತಿನಲ್ಲಿ, ಹರಿಹರ ಇನ್ನೂ ದೂರವಿರುವಾಗಲೇ, ಮುಳ್ಳು ಮೆಲ್ಲಗೆ ಅರವತ್ತೈದಕ್ಕೆ ಇಳಿಯಿತು. ಸದ್ದೂ ತಗ್ಗಿತು.

"ಎಂಬತ್ತು," ಎಂದ ನಯೀಮ್.

"ಲಾರಿ ಐತಿ ಮುಂದೆ."

"ಲಾರಿ ಅರ್ಧ ಕಿಲೋಮೀಟರ್ ದೂರ ಐತಿ."

"ನನಗೆ ಡ್ರೈವಿಂಗ್ ಕಲಿಸ್ತೀಯಾ?"

"ನಿಮಗೆ ಕಲಿಸಿದ್ದು ನಾನೇ ಅಲ್ರಾ?"

ಕೊಟ್ಟೂರೇಶನ ಕಿವಿಯ ತುದಿ ಕೆಂಪಾಯಿತು. ಮುಳ್ಳು ಇನ್ನೂ ಕೆಳಗಿಳಿಯಿತು, ಅರವತ್ತು. ಹಿಂದಿನ ಸೀಟಿನಿಂದ ಉಮಾಮಹೇಶ್ವರಿ ಮುಂದಕ್ಕೆ ಬಾಗಿ, ಮಗನ ಭುಜದ ಮೇಲಿಂದ ಕಣ್ಣು ಕಿರಿದು ಮಾಡಿ ಮುಳ್ಳು ನೋಡಿದರು.

"ಅವತ್ತು ಎಷ್ಟರಾಗ ಹೋಗಿದ್ರಿ?"

ಕೊಟ್ಟೂರೇಶ ಕನ್ನಡಿ ಸರಿಮಾಡಿದ.

"ನಿನ್ನೇ ಕೇಳಿದ್ದು ಕೊಟ್ರ."

"ಎಂಬತ್ತು."

"ಎಂಬತ್ತಕ್ಕೆ ಹೊಡಿ."

ಅಲ್ಲಿಂದ ಮುಂದೆ ಅವರು ಒರಗಿ ಕೂರಲಿಲ್ಲ. ಮಗನ ಸೀಟಿನ ಬೆನ್ನು ಹಿಡಿದುಕೊಂಡು ಮುಳ್ಳನ್ನೇ ಕಾಯ್ದರು. ಮೂರನೇ ಸುತ್ತಿನಲ್ಲಿ ಸೇತುವೆಯ ಹತ್ತಿರ ತಿರುಗಿಸಿಕೊಳ್ಳುವಾಗ ಹೊಳೆಯಲ್ಲಿ ನೀರು ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಮೂವರಲ್ಲಿ ಒಬ್ಬರೂ ಆ ಕಡೆ ನೋಡಲಿಲ್ಲ.

ಬಂಕಿಗೆ ಮರಳಿದಾಗ ಸುನೀತಾ ಪೈಪು ಇಟ್ಟಳು. ಅಂಕಿಗಳು ಓಡಿದವು. ಐದೂವರೆಯ ಹತ್ತಿರ ಬಂದಾಗ ಕೊಟ್ಟೂರೇಶ ಯಂತ್ರದ ಹತ್ತಿರಕ್ಕೆ ಬಾಗಿದ. ಅಂಕಿಗಳು ನಿಲ್ಲಲಿಲ್ಲ. ಆರು ದಾಟಿತು, ಏಳು ದಾಟಿತು. ಆಮೇಲೆ ಟಕ್ಕೆಂದಿತು.

ಕೊಟ್ಟೂರೇಶ ಮಂಡಿಯೂರಿ ಗಾಡಿಯ ಕೆಳಗೆ ನೋಡಿದ. ಟ್ಯಾಂಕಿನ ತಳ ಸವರಿ ಬೆರಳು ಮೂಸಿದ. ಧೂಳು. ಎದ್ದು ಸುನೀತಾಳ ಕಡೆ ತಿರುಗಿ, "ನಿಮ್ಮ ಮಿಷಿನ್ ಸರಿ ಇಲ್ಲ," ಎಂದ.

"ಹೋದ ವಾರ ಸರಿ ಇತ್ತಲ್ರಿ ಅಣ್ಣಾರೆ," ಎಂದಳು ಅವಳು. "ಅವತ್ತು ಮಿಷಿನ್ ಮೇಲಿನ ಅಂಕಿ ಫೋಟೋನೂ ಹೊಡ್ಕಂಡ್ರಿ."

"ಮೇಲಿಂದು ಇಳಿಸಲ್ಲ ನಾನು," ಎಂದು ಕೊಟ್ಟೂರೇಶ ನಯೀಮನಿಗೆ ಹೇಳಿದ. "ನೂರು ಲೀಟರ್ ಕುಡೀಲಿ. ನಿನ್ನ ಮಾತಿಗೆ ಇಳಿಸಲ್ಲ."

"ಇಳಿಸ್ರಿ ಅಂದಿಲ್ಲ ನಾನು."

ಉಮಾಮಹೇಶ್ವರಿ ಗಾಡಿಯ ಮುಂದೆ ನಿಂತು ಮೇಲೆ ನೋಡುತ್ತಿದ್ದರು. ಗಂಡನ ಕೆನ್ನೆ, ಹಣೆ, ಮೀಸೆಯ ಮೇಲೆ ದಾರಿಯ ಹುಳುಗಳು ಅಪ್ಪಚ್ಚಿಯಾಗಿ ಅಂಟಿದ್ದವು. ಅವರು ತುದಿಗಾಲಲ್ಲಿ ನಿಂತು ಸೆರಗಿನ ಚುಂಗು ಚಾಚಿದರು, ಕೈ ನಿಲುಕಲಿಲ್ಲ.

"ನಯೀಮ, ಸ್ವಲ್ಪ ಹತ್ತಿ ಒರಸು."

ಹನ್ನೊಂದು ವರ್ಷ ಪ್ರತಿ ಬೆಳಿಗ್ಗೆ ಆ ಗಾಡಿ ಒರೆಸಿದವನು ಕದಲಲಿಲ್ಲ. ಸ್ಕೂಟರಿನ ಚೀಲದಿಂದ ಮಗಳ ರಟ್ಟು ತಂದ. ಅದಕ್ಕೆ ಒಂದು ಬಿಳಿ ಹಾಳೆ ಸಿಕ್ಕಿಸಿತ್ತು. ಪೆನ್ನಿನ ಟೋಪಿ ತೆಗೆದು, "ಒಂದು ಸಾಲು ಬರ್ದು ಕೊಡ್ರಿ," ಎಂದು ಎರಡನ್ನೂ ಕೊಟ್ಟೂರೇಶನ ಮುಂದೆ ಹಿಡಿದ. ಕೊಟ್ಟೂರೇಶ ಮುಖ ತಿರುಗಿಸಿ ಹೋಗಿ ಸ್ಟೇರಿಂಗ್ ಹಿಂದೆ ಕುಳಿತು ಬಾಗಿಲು ಹಾಕಿಕೊಂಡ.

ನಯೀಮ್ ರಟ್ಟನ್ನು ಹಾಗೇ ಹಿಡಿದು ನಿಂತಿದ್ದ. ಉಮಾಮಹೇಶ್ವರಿ ಸೆರಗು ಕೆಳಗೆ ಬಿಟ್ಟರು. ಬಂದು ರಟ್ಟು ತೆಗೆದುಕೊಂಡು ಬಿಸಿ ಬಾನೆಟ್ ಮೇಲಿಟ್ಟರು. ಅಂಕಿಗಳು ಇನ್ನೂ ಯಂತ್ರದ ಮೇಲಿದ್ದವು. ಅವರು ಒಂದೊಂದಾಗಿ ನೋಡಿ, ಮಗನ ಮೊಬೈಲನ್ನು ಕಿಟಕಿಯಿಂದ ಈಸಿಕೊಂಡು ಭಾಗಿಸಿ, ದಪ್ಪ ದಪ್ಪ ಅಕ್ಷರದಲ್ಲಿ ಬರೆದರು. ಬೇರೇನೂ ಬರೆಯಲಿಲ್ಲ. ಕೆಳಗೆ ರುಜು ಹಾಕಿ, ತಾರೀಖು ಹಾಕಿ, ರಟ್ಟನ್ನು ಅವನ ಕೈಗೆ ಕೊಡದೆ ಬಾನೆಟ್ ಮೇಲೆಯೇ ಬಿಟ್ಟು ಗಾಡಿ ಹತ್ತಿದರು.

ನಯೀಮ್ ರಟ್ಟು ಎತ್ತಿಕೊಂಡು ಪಕ್ಕಕ್ಕೆ ಸರಿದ. ಗಾಡಿ ಹರಿಹರದ ರಸ್ತೆಗೆ ಏರಿ ಊರ ಕಡೆ ತಿರುಗಿತು. ಅವನು ಹಾಳೆಯ ಮೇಲಿನ ಶಾಯಿ ಒಣಗುವ ತನಕ ಅದನ್ನು ಬಿಸಿಲಿಗೆ ಹಿಡಿದುಕೊಂಡು ನಿಂತ.

84 ಕಿಲೋಮೀಟರ್, 7.12 ಲೀಟರ್. ಲೀಟರಿಗೆ 11.8.