ಗಿಣಿ ಮಾಡದ ಫೋನು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ಹೀಗೇ ನಡೆದದ್ದು. ಯಜಮಾನರು ತಮ್ಮ ಗಾಜಿನ ಕೋಣೆಯಿಂದ ಫೋನನ್ನು ಬಾವುಟದ ಹಾಗೆ ಎತ್ತಿ ಹಿಡಿದುಕೊಂಡು ವರ್ಕ್‌ಶಾಪಿನ ನಡುವೆ ಬಂದು ನಿಂತರು.

"ಎಲ್ಲಿ ಆ ಗಿಣಿ? ಇವತ್ತು ನಿನ್ನ ಬೇಳೆ ಬೇಯಲಿಲ್ಲ ಕಣೋ!"

ಗಿಣಿ ಅಂದರೆ ಲೇತು ಯಂತ್ರ ನಡೆಸುವವನು. ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ಕರೆಂಟ್ ಆಫೀಸಿನವನಾಗಿ, ಬ್ಯಾಂಕ್ ಮ್ಯಾನೇಜರಾಗಿ, ಒಮ್ಮೆಯಂತೂ ಯಜಮಾನರ ಅತ್ತೆಯೇ ಆಗಿ ಫೋನು ಮಾಡಿ ಅವರನ್ನು ಬೇಸ್ತು ಬೀಳಿಸಿದ್ದ. ಅತ್ತೆಯ ಫೋನಿಗೆ ಅವರು ಎದ್ದು ನಿಂತು ಮಾತಾಡಿದ್ದನ್ನು ಗಾಜಿನ ಈಚೆಯಿಂದ ಎಲ್ಲರೂ ನೋಡಿದ್ದರು.

ಆದರೆ ಈಗ ಗಿಣಿ ವೆಲ್ಡರನ ಎದುರೇ ಕೂತಿದ್ದ. ಎರಡೂ ಕೈ ಗ್ರೀಸಿನಲ್ಲಿ, ಫೋನು ದೂರದ ಗೂಡಿನಲ್ಲಿ ಚಾರ್ಜಿಗೆ.

"ನಾನಲ್ಲ ಯಜಮಾನ್ರೇ," ಅಂದ, ಅಪರೂಪಕ್ಕೆ ತನ್ನದೇ ದನಿಯಲ್ಲಿ.

ಹಾಗಾದರೆ ಆ ಫೋನು ನಿಜದ್ದೇ! ವೆಲ್ಡರ್ ಎದ್ದು ನಿಂತ. ಹೆಂಡತಿ ನರ್ಸ್ ಕೆಲಸ ಸಿಕ್ಕಿ ಮಗಳನ್ನು ಕರೆದುಕೊಂಡು ಮುಂದಾಗಿ ಹೊರದೇಶಕ್ಕೆ ಹೋಗಿದ್ದಳು. ಮಗಳ ಹಾಲುಹಲ್ಲು ಬಿದ್ದದ್ದನ್ನೂ ಹೊಸದು ಬಂದದ್ದನ್ನೂ ಅವನು ಫೋನಿನಲ್ಲೇ ನೋಡಿದ್ದ. ಅವನೂ ಹೋಗಬೇಕೆಂದರೆ, ಇವನು ನಿಜಕ್ಕೂ ನುರಿತ ವೆಲ್ಡರ್ ಎಂದು ಅಲ್ಲಿನ ಕೌಶಲ ಪರಿಶೀಲನೆಯ ಕಚೇರಿ ಒಪ್ಪಬೇಕು. ಕೆಲಸ ಮಾಡುತ್ತಿರುವ ಫೋಟೋ ಕೇಳಿದ್ದರು, ರಾಶಿ ಕಳಿಸಿದ್ದ. ಒಂದರಲ್ಲೂ ಮುಖವಿಲ್ಲ! ಕಿಡಿ ಹಾರುವಾಗ ಮುಖವಾಡ ಇಳಿಸದೆ ಬೆಸೆಯುವ ಗಂಡು ಯಾರಿದ್ದಾನೆ? "ಇದು ನೀವೇ ಅನ್ನುವುದಕ್ಕೆ ಏನು ಗುರುತು? ನಿಮ್ಮ ಮಾಲೀಕರನ್ನೇ ಫೋನಿನಲ್ಲಿ ಕೇಳುತ್ತೇವೆ" ಎಂದು ಉತ್ತರ ಬಂದಿತ್ತು. ಅದನ್ನು ಹೇಳಿದಾಗ ಯಜಮಾನರು, "ಈ ಗಿಣಿ ಇದನ್ನೂ ಬಿಡಲ್ಲ, ನೋಡ್ತಿರು" ಅಂದಿದ್ದರು.

"ಅವರಿಗೆ ಏನಂದ್ರಿ ಯಜಮಾನ್ರೇ?" ಕೇಳಿದ ವೆಲ್ಡರ್.

"ಏನಂತೀನಿ? ಮೂಗಲ್ಲಿ ಮಾತಾಡೋದು ಬಿಡೋ, ನಮ್ಮತ್ತೆ ದನಿನೇ ವಾಸಿ ಇತ್ತು ಅಂದೆ."

"ಅಯ್ಯೋ! ಆಮೇಲೆ?"

"ಆಮೇಲೆ... ನಿನ್ನ ಕೆಲಸ ಹೇಗೆ ಅಂತ ಕೇಳಿದ್ರು. ಏನೋ ಒಂದು ಅಂದು ಫೋನಿಟ್ಟೆ." ಯಜಮಾನರ ದನಿ ಇಳಿದಿತ್ತು.

ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ 'ಪರವಾಗಿಲ್ಲ' ಅನ್ನುವುದು ಉದುರಿದರೆ ಅದೇ ಸನ್ಮಾನ. ವೆಲ್ಡರ್ ಕೈಲಿದ್ದ ಮುಖವಾಡವನ್ನು ಬೆಂಚಿನ ಮೇಲಿಟ್ಟ. "ಮುಗೀತು ಬಿಡಿ."

ಆಗಲೇ ಫೋನು ಮತ್ತೆ ಹೊಡೆದುಕೊಂಡಿತು. ಗಿಣಿ ಗ್ರೀಸಿನ ಕೈಗಳೆರಡನ್ನೂ ಮೇಲೆತ್ತಿ ತೋರಿಸಿದ. ಯಜಮಾನರು ಸ್ಪೀಕರ್ ಹಾಕಿದರು.

"ಸರ್, ನಾನು ಕೌಶಲ ಪರಿಶೀಲನೆಯ ಕಚೇರಿಯ ದುಭಾಷಿ. ಮಧ್ಯದಲ್ಲಿ ಕಟ್ಟಾಯಿತು." ದನಿ ನಿಜಕ್ಕೂ ಮೂಗಿನಲ್ಲೇ ಇತ್ತು. "ನೀವು ಹೇಳಿದ್ದನ್ನು ಓದುತ್ತೇನೆ, ಸರಿಯೇ ನೋಡಿ. 'ಗೋಡೆಗೆ ಅಂಟಿದ ಪೈಪಿನ ಹಿಂದೆ, ತಲೆ ತೂರದ ಕಡೆ, ಕನ್ನಡಿಯಲ್ಲಿ ನೋಡಿಕೊಂಡು ಬೆಸೀತಾನೆ. ಒಂದು ಹನಿ ಸೋರಲ್ಲ. ಕನ್ನಡಿಯಲ್ಲಿ ಎಡ ಬಲ ತಿರುಗುಮುರುಗು, ನನಗೆ ಇವತ್ತಿಗೂ ಅದಕ್ಕೆ ಕೈ ತಿರುಗಲಿಲ್ಲ. ಇದನ್ನ ಅವನಿಗೆ ಹೇಳಿದ್ಯೋ, ನಿನ್ನ ನಾಲಿಗೆನ ಲೇತಿಗೆ ಕೊಡ್ತೀನಿ.' ಸರ್, ಕೊನೆಯ ಮಾತು ಅಧಿಕಾರಿಗೆ ಅರ್ಥವಾಗಲಿಲ್ಲ."

ಯಜಮಾನರ ಕಿವಿ ಕೆಂಪಾಯಿತು. ವೆಲ್ಡರನ ಕಡೆ ನೋಡಲಿಲ್ಲ.

"ಅದೊಂದು ಬಿಡಿ ಸಾರ್. ಮಿಕ್ಕಿದ್ದೆಲ್ಲಾ ನಿಜ."

ಅತ್ತಲಿಂದ ಏನೋ ಗುಸುಗುಸು. ಆಮೇಲೆ ದುಭಾಷಿ ಹೇಳಿದ: "ಅಧಿಕಾರಿಯೂ ಹಿಂದೆ ವೆಲ್ಡರೇ ಸರ್. ಕನ್ನಡಿ ಸಾಕು, ಮುಖ ಬೇಡ ಅಂತಿದ್ದಾರೆ. ನಿಮ್ಮ ವೆಲ್ಡರ್ ಅವರ ಅನುಭವವನ್ನು ಒಪ್ಪಿದ್ದೇವೆ."

ಫೋನು ನಿಂತಿತು. ವೆಲ್ಡರ್ ಹೆಂಡತಿ ಮಗಳಿಗೆ ಹೇಳಲು ತನ್ನ ಫೋನು ತೆಗೆದ.

"ಸರ್," ಅಂದ ಗಿಣಿ, ಆಗಲೇ ಆ ಮೂಗಿನ ದನಿ ಕದ್ದು, "ಕೊನೆಯ ಮಾತು ನನಗೆ ಮಾತ್ರ ಚೆನ್ನಾಗಿ ಅರ್ಥವಾಯಿತು."

ನಗು ಸಿಡಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಯಜಮಾನರು. ನಕ್ಕೂ ನಕ್ಕೂ ಕಣ್ಣು ತುಂಬಿ ಬಂದಾಗ ಬೆಂಚಿನ ಮೇಲಿದ್ದ ವೆಲ್ಡರನ ಮುಖವಾಡ ಎತ್ತಿ ಹಾಕಿಕೊಂಡರು. ಉಳಿದವರ ನಗು ನಿಂತು ಲೇತು ಮತ್ತೆ ತಿರುಗತೊಡಗಿದರೂ, ಆ ಮುಖವಾಡದ ಕಪ್ಪು ಗಾಜು ಸಣ್ಣಗೆ ಅಲುಗುತ್ತಲೇ ಇತ್ತು.